ನಕಾಶೆಯಲ್ಲಿ ಇಲ್ಲದ ಗೋಡೆ

೧೯೫೭ನೆಯ ಇಸವಿ ಸೆಪ್ಟೆಂಬರ್ ೧೨, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ರೋಣ ತಾಲೂಕಿನಲ್ಲಿ ಸರ್ವೇಯರ್ ಆಗಿ ನನಗೆ ಅದು ಎರಡನೆಯ ವರ್ಷ. ಅಂದು ಅಳೆಯಬೇಕಾಗಿದ್ದುದು ಹೊಲವಲ್ಲ, ಹಳ್ಳದ ದಂಡೆಯ ಮೇಲಿನ ಕ್ರೈಸ್ತರ ಸ್ಮಶಾನ. ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳು ತಾವು ಪಾರಾದೆವೆಂದು ತಿಳಿದುಕೊಳ್ಳುತ್ತವೆ.

ಅಳತೆಗೆ ಅರ್ಜಿ ಕೊಟ್ಟವರು ಪಾದ್ರಿ ಯೋಸೇಫಪ್ಪನವರು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಸಣ್ಣ ಸಣ್ಣ ಸಭೆಗಳನ್ನು ಒಂದೇ ಸೈಕಲ್ಲಿನ ಮೇಲೆ ನೋಡಿಕೊಳ್ಳುತ್ತಿದ್ದರು. ಪ್ಯಾಂಟಿನ ಕಾಲಿಗೆ ಹುರಿ ಕಟ್ಟಿಕೊಂಡು ಸ್ಮಶಾನದ ಬಾಗಿಲಲ್ಲೇ ನಮಗಾಗಿ ಕಾಯುತ್ತಿದ್ದರು.

ಸ್ಮಶಾನದ ನಡುವೆ ಎದೆಯೆತ್ತರದ ಕಲ್ಲಿನ ಗೋಡೆಯೊಂದಿತ್ತು. ಮೇಲಿನ ಭಾಗ ದಿಬ್ಬ, ಕೆಳಗಿನದು ತಗ್ಗು. ಹಳ್ಳ ತುಂಬಿ ಬಂದಾಗ ತಗ್ಗಿನ ಗೋರಿಗಳ ಮೇಲೆ ನೀರು ನಿಲ್ಲುತ್ತಿತ್ತು. ಗೋಡೆ ಏಕೆಂದು ಕೇಳಿದೆ.

"ಮ್ಯಾಲ ನೇಕಾರ ಓಣಿಯಿಂದ ಬಂದ ಕ್ರೈಸ್ತರು. ಕೆಳಗ ಹೊಲಗೇರಿಯಿಂದ ಬಂದ ಕ್ರೈಸ್ತರು," ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ನಿಮ್ಮೊಳಗೂ ಐತೇನ್ರಿ ಇದು?"

"ದೀಕ್ಷಾಸ್ನಾನದಾಗ ತಲಿ ತೊಯ್ತು. ಇದು ತೊಯ್ಲಿಲ್ಲ," ಎಂದು ಅವರೂ ನಕ್ಕರು.

ನಮ್ಮ ಸರಪಳಿ ಮೂವತ್ತಮೂರು ಅಡಿಯದು, ಅದರ ಹದಿನಾರನೆಯ ಒಂದು ಭಾಗಕ್ಕೆ ಆಣೆ ಎಂದು ಹೆಸರು. ಉದ್ದಗಲ ಒಂದೊಂದು ಸರಪಳಿಯಾದರೆ ಒಂದು ಗುಂಟೆ. ಮುಂದಿನ ತುದಿ ಹಿಡಿದು ನಡೆಯುವವನು ಚೈನ್‌ಮನ್ ದುರಗಪ್ಪ, ಹಿಂದಿನ ತುದಿ ನನ್ನದು. ಸಾಲು ಮುಗಿದಾಗಲೆಲ್ಲ ಅವನು ಸರಪಳಿಯನ್ನು ಮಡಿಚಿ ತಂದು ನೆಲದ ಮೇಲೆ ಇಡುತ್ತಿದ್ದ, ನಾನು ಎತ್ತಿಕೊಳ್ಳುತ್ತಿದ್ದೆ. ಹಾಗೆ ಮಾಡಬೇಕೆಂದು ಯಾವ ನಿಯಮವೂ ಇಲ್ಲ. ನನ್ನ ಹಿಂದಿನ ಸರ್ವೇಯರ್ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ದುರಗಪ್ಪ ಮಾದರವನು.

ಪಾದ್ರಿಗಳು ಮಧ್ಯಾಹ್ನದವರೆಗೆ ನೋಡಿದರು. ಆಮೇಲೆ ಕೇಳಿದರು: "ಕೈಯಾಗ ಯಾಕ ಕೊಡಂಗಿಲ್ಲ ನೀವು?"

ನಾನು ಬಾಯಿ ತೆರೆಯುವ ಮೊದಲೇ ದುರಗಪ್ಪ ಪಾದ್ರಿಗಳಿಗೆ ಹೇಳಿದ: "ಸಾಹೇಬ್ರ ಕೈಯಾಗ ಕೊಟ್ರ ಸರಪಳಿ ಗಿಡ್ಡ ಅಕ್ಕೈತಂತ್ರಿ ಅಯ್ನಾರ."

ಮೂವರೂ ನಕ್ಕೆವು. ನಾನು ಕಡಿಮೆ ನಕ್ಕೆ.

ನೆರಳಿನಲ್ಲಿ ಕುಳಿತಾಗ ಅವರು ತಮ್ಮದೊಂದು ಸಂಗತಿ ಹೇಳಿದರು. ಬ್ರಿಟಿಷರಿದ್ದಾಗ ರೈಲ್ವೆ ಊರೊಂದರ ಚರ್ಚಿನಲ್ಲಿ ಮುಂದಿನ ಬೆಂಚುಗಳು ಬಿಳಿಯರಿಗೆ ಮಾತ್ರ. ತಿಳಿಯದೆ ಕೂತಿದ್ದ ಇವರನ್ನು ಪ್ರಾರ್ಥನೆಯ ನಡುವೆಯೇ ಎಬ್ಬಿಸಿದರಂತೆ. ಮರುವಾರ ಮತ್ತೆ ಅಲ್ಲೇ ಹೋಗಿ ಕೂತರಂತೆ, ಅದರ ಮರುವಾರವೂ. ಕೊನೆಗೆ ಆ ಊರಿನ ಕೆಲಸವೇ ಹೋಯಿತು.

"ಆವಾಗ ನನಗ ಸಿಟ್ಟು ಬಂದಿತ್ತು," ಎಂದರು. "ಇಲ್ಲಿಗೆ ಬಂದು ನಮ್ಮವರ ಗ್ವಾಡಿ ನೋಡಿದಾಗ ನಾಚಿಕಿ ಬಂತು. ಸಿಟ್ಟು ಆರಿ ಹೋತ್ರಿ. ನಾಚಿಕಿ ಆರವಲ್ದು."

ಅಳತೆ ಎರಡು ದಿನ ನಡೆಯಿತು. ಒಟ್ಟು ಇಪ್ಪತ್ತೆರಡು ಗುಂಟೆ, ಒಂದೇ ಸರ್ವೆ ನಂಬರ್. ಹಳೆಯ ನಕಾಶೆಯಲ್ಲಿ ಗೋಡೆಯ ಗುರುತಿರಲಿಲ್ಲ. ಪಾದ್ರಿಗಳಿಗೆ ಬೇಕಾಗಿದ್ದುದು ಅಷ್ಟೇ. "ನಾಳಿ ನಾ ಸತ್ರ ಗ್ವಾಡಿ ಇರೋ ಜಾಗದಾಗ ನನ್ನ ಹುಗೀರಿ ಅಂತ ಮನ್ಯಾಗ ಹೇಳೇನಿ," ಎಂದು ಸೈಕಲ್ ಹತ್ತಿದರು. ಚೇಷ್ಟೆಯ ಮಾತೆಂದುಕೊಂಡೆ.

ಸೆಪ್ಟೆಂಬರ್ ೩೦ರಂದು ದುರಗಪ್ಪನೊಡನೆ ನಕಾಶೆಯ ಪ್ರತಿ ಕೊಡಲು ಹೋದಾಗ ಸ್ಮಶಾನದ ಬಾಗಿಲಲ್ಲಿ ಶವಪೆಟ್ಟಿಗೆ ಇತ್ತು. ಯೋಸೇಫಪ್ಪನವರು ಹಿಂದಿನ ದಿನ ಗಜೇಂದ್ರಗಡದಿಂದ ಬರುವಾಗ ದಾರಿಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಜಿಟಿಜಿಟಿ ಮಳೆ. ಜನ ಎರಡು ಗುಂಪಾಗಿ ನಿಂತಿದ್ದರು.

ಸಭೆಯ ಹಿರಿಯ ಸಮುವೇಲಪ್ಪ, ನೇಕಾರ ಓಣಿಯವರು, ನನ್ನನ್ನು ಕಂಡೊಡನೆ ಬಂದರು. "ಚಲೋ ಆತು ಬಂದ್ರಿ. ಗ್ವಾಡಿ ನಕಾಶಿಯಾಗ ಐತಂತ ಅಮ್ಮಾರಿಗೆ ಹೇಳ್ರಿ. ಅಯ್ನಾರ್ನ ದಿಬ್ಬದ ಮ್ಯಾಲ ಮಾನದಿಂದ ಇಡ್ತೀವಿ ಅಂದ್ರ ಕೇಳವಲ್ರು."

ಪಾದ್ರಿಗಳ ಹೆಂಡತಿ ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಹೇಳಿದರು: "ಅವರು ಮಾನ ಕೇಳಿದ್ದಿಲ್ಲ, ಸಮುವೇಲಪ್ಪ. ಜಾಗ ಕೇಳಿದ್ರು."

ನಾನು ನಕಾಶೆ ಬಿಚ್ಚಿ ತೋರಿಸಿದೆ. ಗೋಡೆ ಇರಲಿಲ್ಲ. ಸಮುವೇಲಪ್ಪ ಬಹಳ ಹೊತ್ತು ನೋಡಿದರು.

"ಆತು, ಒಡೀರಿ. ಪೆಟ್ಟಿಗಿ ಹಿಡಿವಷ್ಟ ಒಡೀರಿ, ಹೆಚ್ಚಿಗಿ ಬ್ಯಾಡ."

ಗೋಡೆ ಬಿದ್ದ ಕಡೆ ಗುಣಿ ತೋಡಿದರು. ಪೆಟ್ಟಿಗೆ ಇಳಿಸಲು ಎರಡು ಹಗ್ಗ. ಮೇಲಿನವರು ಈಚೆ ಹಿಡಿಯಬೇಕು, ಕೆಳಗಿನವರು ಆಚೆ. ಪೆಟ್ಟಿಗೆಯ ಅಡಿಯಿಂದ ಹಗ್ಗ ದಾಟಿಸಿ, ಸಮುವೇಲಪ್ಪ ಅದರ ತುದಿಯನ್ನು ಆಚೆ ಕೆಸರಿನಲ್ಲಿ ಇಟ್ಟು ಹಿಂದೆ ಸರಿದರು. ನನ್ನ ಬೆನ್ನ ಹಿಂದೆ ದುರಗಪ್ಪ ನಿಂತಿದ್ದ. ನಾನು ತಿರುಗಿ ನೋಡಲಿಲ್ಲ.

ಆಚೆ ನಿಂತಿದ್ದ ಯೋಹಾನನೆಂಬ ಕೂಲಿಯವನು ಬಗ್ಗಲಿಲ್ಲ. "ಕೈಯಾಗ ಕೊಡ್ರಿ, ಹಿರ್ಯಾರ. ಹಗ್ಗ ಕೆಸರಾದ್ರ ಜಾರತೈತಿ. ಬೀಳವ್ರು ಅಯ್ನಾರು."

ಪೆಟ್ಟಿಗೆಯ ಮೇಲೆ ಮಳೆ ಬೀಳುವುದು ಕೇಳಿಸುತ್ತಿತ್ತು. ಸಮುವೇಲಪ್ಪ ಹೆಂಗಸರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಬಗ್ಗಿ ತುದಿಯನ್ನು ಎತ್ತಿ, ತಮ್ಮ ಧೋತರಕ್ಕೇ ಒರೆಸಿ, ಯೋಹಾನನ ಕೈಯಲ್ಲಿ ಇಟ್ಟರು. ಪೆಟ್ಟಿಗೆ ವಾಲದೆ ಇಳಿಯಿತು.

ನಾನು ನಕ್ಕಿದ್ದು ಈ ಸಮುವೇಲಪ್ಪನವರ ಗೋಡೆಯನ್ನು ನೋಡಿ. ಅವರು ಮಾಡಿದ್ದನ್ನು ಎರಡು ವರ್ಷದಲ್ಲಿ ಒಂದು ದಿನವೂ ನಾನು ಮಾಡಿರಲಿಲ್ಲ.

ಮರುದಿನ ಜಕ್ಕಲಿಯ ಹೊಲದಲ್ಲಿ ಕೆಲಸ. ಸಾಲು ಶುರುಮಾಡುವ ಮುನ್ನ ಸರಪಳಿಯ ಹಿತ್ತಾಳೆ ಹಿಡಿಕೆಯನ್ನು ದುರಗಪ್ಪನ ಕೈಗೆ ಚಾಚಿದೆ. ಅವನು ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದು, ನಾನು ನೆಲಕ್ಕಿಡುವುದನ್ನು ಕಾದ. ಅವನ ಕೈ ಮೇಲೇಳಲೇ ಇಲ್ಲ. ಹಿಡಿಕೆ ನನ್ನ ಕೈಯಿಂದ ಜಾರಿ ನಮ್ಮಿಬ್ಬರ ನಡುವೆ ಎರೆಮಣ್ಣಿನಲ್ಲಿ ಬಿತ್ತು.

"ತಪ್ಪಾತ್ರಿ ಸಾಹೇಬ್ರ," ಎಂದ ಅವನು.

ಆ ಮಾತನ್ನು ಹೇಳಬೇಕಾದವನು ನಾನಾಗಿದ್ದೆ. ಮೂರನೆಯ ದಿನ ಅವನು ಹಿಡಿಕೆಯನ್ನು ಕೈಯಲ್ಲೇ ತೆಗೆದುಕೊಂಡ, ಆಚೀಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ. ಈಗಲೂ ಹೊಲದ ಮಾಲೀಕರು ಎದುರಿಗೆ ನಿಂತಾಗ ಮೊದಲು ನನ್ನ ಮುಖ ನೋಡುತ್ತಾನೆ.

ಇದನ್ನು ಬರೆಯುತ್ತಿರುವುದು ೧೯೫೯ರಲ್ಲಿ, ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ನಕಾಶೆಯಲ್ಲಿ ಇಲ್ಲದ ಗೋಡೆಯನ್ನು ತೆಗೆಯಲು ನಕಾಶೆ ತೋರಿಸಿದರೆ ಸಾಲದು. ಗೋಡೆಯ ಉಳಿದ ಭಾಗ ಇನ್ನೂ ಅಲ್ಲೇ ನಿಂತಿದೆ, ನಡುವೆ ಅವರ ಗೋರಿ.

ಆ ಗೋಡೆಯ ಉದ್ದ ನನ್ನ ದಿನಚರಿಯಲ್ಲಿದೆ: ನಾಲ್ಕು ಸರಪಳಿ ಐದು ಆಣೆ. ಯೋಸೇಫಪ್ಪನವರ ವಯಸ್ಸು, ಹುಟ್ಟಿದ ಊರು, ಅವರು ಬೆಂಚಿನಿಂದ ಏಳದೆ ಕೂತ ಆ ಚರ್ಚು ಎಲ್ಲಿಯದು ಎಂಬ ಯಾವುದೂ ಅದರಲ್ಲಿಲ್ಲ. ನಾನು ಕೇಳಲೇ ಇಲ್ಲ. ನರಗುಂದದ ಕಡೆಯಾಗಲಿ ಗಜೇಂದ್ರಗಡದ ಕಡೆಯಾಗಲಿ ಅವರನ್ನು ಬಲ್ಲವರು ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ.