ಕನ್ನಡಿಗೆ ಕಟ್ಟಿದ ನಿಂಬೆಹಣ್ಣು

ಹೋದ ವರ್ಷ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ನಾನು ಇಟಲಿಯ ಉತ್ತರದ ಒಂದು ಆಲ್ಪ್ಸ್ ಕಣಿವೆಯಲ್ಲಿ, ಹಳೆಯ ಕೋಟೆಯೊಂದರಿಂದ ಇಳಿಯುವ ರಸ್ತೆಯ ನಾಲ್ಕನೇ ತಿರುವಿನ ಕೆಳಗೆ ನಿಂತಿದ್ದೆ. ಬೆನ್ನಿಗೆ ಕಲ್ಲಿನ ತಡೆಗೋಡೆ. ಬಲಕ್ಕೆ ನನ್ನ ಬಾಡಿಗೆ ಬೈಕು. ತಿರುವಿಗೂ ನನಗೂ ನಲವತ್ತೊಂದು ಹೆಜ್ಜೆ. ಆಮೇಲೆ ನಡೆದು ಎಣಿಸಿದ್ದೇನೆ. ಬಿಸಿಲಿತ್ತು, ರಸ್ತೆ ಒಣಗಿತ್ತು.

ನಾವು ಮೂವರು ಹೋಗಿದ್ದೆವು. ನಾನು ಟೆಕ್ಸಸ್ಸಿನ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯವನು, ಅದಕ್ಕೆ ಮೊದಲು ಮೈಸೂರಿನವನು. ನನ್ನ ಗೆಳೆಯ ಹ್ಯೂಸ್ಟನ್ನಿನ ಇನ್ನೊಂದು ಬದಿಯ ಸೈಪ್ರೆಸ್‌ನಲ್ಲಿ ಮನೆ ಮಾಡಿರುವ ಹುಬ್ಬಳ್ಳಿಯವರು. ಗ್ರಾನೈಟ್ ವ್ಯಾಪಾರ ಇರುವುದರಿಂದ ನನ್ನ ಬಾಯಲ್ಲಿ ಅವರು ಸಾವ್ಕಾರ್ರು, ನಾನು ಆಫೀಸಿಗೆ ಹೋಗುವವನಾದ್ದರಿಂದ ಅವರ ಬಾಯಲ್ಲಿ ಸಾಹೇಬ್ರು. ಮೂರನೆಯವರು ಅವರ ಹೆಂಡತಿ. ಅವರನ್ನು ನಾನೂ ಹುಬ್ಬಳ್ಳಿಯವರಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ವೈನಿ ಬೈಕು ಹತ್ತುವುದಿಲ್ಲ. ಆ ಕಣಿವೆಯಲ್ಲಿ ಒಂದು ಕೋಟೆಯಿಂದ ಇನ್ನೊಂದಕ್ಕೆ ಹಳೆಯ ಕಾಲುದಾರಿ ಇದೆ. ಅವರು ಅದನ್ನು ನಡೆಯುವುದು, ನಾವು ರಸ್ತೆಯಲ್ಲಿ ಬರುವುದು, ಕೋಟೆಯ ಬಾಗಿಲಲ್ಲಿ ಸೇರುವುದು ಎಂದು ಮಾತಾಗಿತ್ತು. ಮೊದಲ ಎರಡು ದಿನ ಪ್ರತಿ ಕೋಟೆಗೂ ವೈನಿಯೇ ಮೊದಲು ತಲುಪಿ, ಕಟ್ಟೆಯ ಮೇಲೆ ಕೂತು ಶೇಂಗಾ ಚಿಕ್ಕಿ ತಿನ್ನುತ್ತಿದ್ದರು.

"ನಿಮ್ಮ ಗಾಡಿ ಹಿಂದ ಯಾರರ ದನಾ ಕಟ್ಟ್ಯಾರೇನ್ರಿ?" ಎಂದು ಕೇಳುತ್ತಿದ್ದರು.

ಈ ಪ್ರವಾಸಕ್ಕೆಂದು ನಾವು ಒಂದು ವರ್ಷ ಆಸ್ಟಿನ್‌ನ ಪಶ್ಚಿಮದ ಗುಡ್ಡಗಳಲ್ಲಿ ಅಭ್ಯಾಸ ಮಾಡಿದ್ದೆವು. ಪ್ರತಿ ಸಲ ಹೊರಡುವ ಮುಂಚೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಗಾಡಿ ಹಾಯಿಸಿಯೇ ಹೋಗುತ್ತಿದ್ದೆವು. ಕಣಿವೆಯಲ್ಲಿ ಬೈಕು ತೆಗೆದುಕೊಂಡ ಬೆಳಿಗ್ಗೆಯೂ ವೈನಿ ಚೀಲದಿಂದ ಎರಡು ಹಣ್ಣು ತೆಗೆದುಕೊಟ್ಟರು. ಅಲ್ಲಿನ ಅಂಗಡಿಯವು, ದಪ್ಪ ಸಿಪ್ಪೆಯವು. ನಮ್ಮ ಊರಿನ ನಿಂಬೆಯ ಎರಡರಷ್ಟು. ಆದರೆ ಬಾಡಿಗೆಯವನು ಆಗ ತಾನೇ ಅಂಗಳಕ್ಕೆ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ ನಿಂತಿದ್ದ. ಅವನ ಎದುರು ಹಣ್ಣು ಜಜ್ಜಿ ಹೋಗಲು ನನಗೆ ನಾಚಿಕೆಯಾಯಿತು. ನನ್ನ ಹಣ್ಣನ್ನು ಜೇಬಿಗಿಳಿಸಿದೆ. ಗೆಳೆಯರ ಮುಖ ಬಾಡಿದ್ದು ನೋಡಿ, ಅವರದನ್ನು ಅವರ ಬೈಕಿನ ಬಲಗನ್ನಡಿಯ ಕಡ್ಡಿಗೆ ಕಟ್ಟಿದೆ. ದಾರ ಇರಲಿಲ್ಲ. ಹಲ್ಲಿನ ಸಂದಿ ಶುಚಿ ಮಾಡುವ ನೂಲು ಇತ್ತು. ಅದು ಹರಿಯುವ ನೂಲಲ್ಲ.

ಅದು ಎರಡು ದಿನ ಅಲ್ಲಿಯೇ ತೂಗಾಡಿತು. ಮೂರನೆಯ ದಿನ ಮಂಗಳವಾರ.

ನಾನು ಕಂಡದ್ದು ಇಷ್ಟು. ಸಾವ್ಕಾರ್ರು ಮೇಲಿನಿಂದ ಇಳಿದು ಬಂದರು. ವೇಗ ಹೆಚ್ಚಿರಲಿಲ್ಲ. ತಿರುವಿಗೆ ಮುಂಚೆ ಹಿಂದಿನ ಗಾಲಿ ಕಿರುಚಿತು, ಅಡ್ಡಕ್ಕೆ ಜಾರಿತು. ಬೈಕು ತಿರುಗಲಿಲ್ಲ. ತಿರುವಿನಲ್ಲಿ ಎಡಕ್ಕೆಲ್ಲ ಕಲ್ಲುಗೋಡೆ, ಬಲಕ್ಕೆ ಒಂದು ಮರದ ಗೇಟು. ಒಬ್ಬ ಅಜ್ಜಿ ಹುಲ್ಲು ಸಾಗಿಸಲು ಆ ಗೇಟನ್ನು ತೆರೆದಿಟ್ಟಿದ್ದಳು. ಬೈಕು ಅದರೊಳಗೆ ಹೋಯಿತು, ಹುಲ್ಲಿನ ರಾಶಿಗೆ ಹೊಕ್ಕಿತು, ಮಗುಚಿತು. ಅವರು ಬಿದ್ದ ಗಳಿಗೆ ನನಗೆ ಕಾಣಲಿಲ್ಲ, ಹುಲ್ಲು ಅಡ್ಡವಿತ್ತು. ಗೇಟು ಮುಚ್ಚಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಾನು ಓಡಿದೆ. ಅವರು ಎದ್ದು ಕೂತಿದ್ದರು, ಎಡ ಭುಜ ಹಿಡಿದುಕೊಂಡು. ಅಜ್ಜಿ ಅವರ ಹೆಲ್ಮೆಟ್ಟಿನಿಂದ ಹುಲ್ಲು ಕೀಳುತ್ತಿದ್ದಳು. ನಾನು ಬೈಕಿನ ಕಡೆ ನೋಡಿದೆ. ನಿಂಬೆಹಣ್ಣು ಮುಂದಿನ ಗಾಲಿಯ ಬ್ರೇಕಿನ ಹಿಡಿಗೂ ಹ್ಯಾಂಡಲ್‌ಗೂ ನಡುವೆ ಸಿಕ್ಕಿಕೊಂಡು ಅರ್ಧ ಜಜ್ಜಿತ್ತು. ಮೇಲೆ ಹಿಡಿಯ ಆಳವಾದ ಗುರುತು.

ಕೀಲಿಯಿಂದ ನೂಲು ಕೊಯ್ದು ಹಣ್ಣನ್ನು ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ಯೋಚಿಸಲಿಲ್ಲ. ಕೈ ಅದಾಗಿಯೇ ಮಾಡಿತು.

ಆಸ್ಪತ್ರೆಯಲ್ಲಿ ಕಾಲರ್ ಎಲುಬು ಮುರಿದಿದೆ, ಆರು ವಾರಕ್ಕೆ ಕೂಡುತ್ತದೆ ಎಂದರು. ಸಾವ್ಕಾರ್ರಿಗೆ ಆ ಎಲುಬಿನ ಚಿಂತೆಯೇ ಇರಲಿಲ್ಲ. ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದರು.

"ಬ್ರೇಕ್ ಹಿಡದೆ ಸಾಹೇಬ್ರ. ಪೂರಾ ಹಿಡದೆ ಅಂತನ ಅನ್ಕೊಂಡೆ. ಕೈ ಮಾತ ಕೇಳಲಿಲ್ಲ. ನಮ್ಮಪ್ಪಗೂ ಹಿಂಗ ಸುರು ಆಗಿತ್ತು, ಇದ ಕೈಲೆ."

ಅವರ ತಂದೆಗೆ ಕೈ ನಡುಗುವ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ಆಗಲೇ ಹೇಳಬೇಕಿತ್ತು. ನನ್ನ ಜೇಬು ಒದ್ದೆಯಾಗಿತ್ತು. ಹೇಳಲಿಲ್ಲ.

ಹ್ಯೂಸ್ಟನ್‌ಗೆ ಮರಳಿದ ಮೇಲೆ ಅವರು ನರದ ಡಾಕ್ಟರ ಹತ್ತಿರ ಎರಡು ಸಲ ಹೋದರು. ಏನೂ ಇಲ್ಲ ಎಂದರು ಡಾಕ್ಟರು. ಸಾವ್ಕಾರ್ರು ನಂಬಲಿಲ್ಲ. ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನೂ ಬಿಟ್ಟರು. ಊಟಕ್ಕೆ ಕೂತಾಗ ನೀರಿನ ಲೋಟವನ್ನು ಎತ್ತಿ, ನೀರು ಅಲುಗುತ್ತದೆಯೇ ಎಂದು ನೋಡಿ, ಆಮೇಲೆ ಕುಡಿಯುತ್ತಿದ್ದರು. ನಾನು ಎದುರಿಗೆ ಕೂತು ಅದನ್ನು ನೋಡುತ್ತಿದ್ದೆ.

ಆಯುಧಪೂಜೆಯ ದಿನ ಅವರ ಮನೆಗೆ ಹೋದೆ. ಎರಡು ಕಾರುಗಳಿಗೆ ಕುಂಕುಮ, ಚೆಂಡುಹೂವು ಆಗಿತ್ತು. ಗ್ಯಾರೇಜಿನ ಮೂಲೆಯಲ್ಲಿ ಅವರ ಸ್ವಂತ ಬೈಕು ಬೂದು ಹೊದಿಕೆಯೊಳಗಿತ್ತು.

"ಅದಕ್ಕ ಬ್ಯಾಡ," ಎಂದರು ಸಾವ್ಕಾರ್ರು. "ಮುಂದಿನ ವಾರ ಒಬ್ಬ ಅದನ್ನ ಕೊಳ್ಳಾಕ ಬರ್ತಾನ."

"ಇವತ್ತೊಂದಿನ ನಮ್ಮದ ಐತೆಲ್ಲ," ಎಂದು ವೈನಿ ನನ್ನ ಕೈಗೆ ನಿಂಬೆಹಣ್ಣು ಕೊಟ್ಟರು. "ಅಣ್ಣಾರ, ಗಾಲಿ ಕೆಳಗ ಇಡ್ರಿ."

ಹಣ್ಣು ಹಿಡಿದು ನಿಂತೆ. ಬಗ್ಗಲು ಆಗಲಿಲ್ಲ.

"ಸಾವ್ಕಾರ್ರೇ, ನಿಮ್ಮ ಕೈ ಸರಿಯಾಗಿದೆ," ಎಂದೆ. "ಅವತ್ತು ಬ್ರೇಕಿಗೆ ನಿಂಬೆಹಣ್ಣು ಸಿಕ್ಕಿಕೊಂಡಿತ್ತು. ಕಟ್ಟಿದ್ದು ನಾನು. ಕೊಯ್ದು ಬಚ್ಚಿಟ್ಟದ್ದೂ ನಾನೇ."

ಅವರು ಬೈಕಿನ ಹತ್ತಿರ ಹೋದರು. ಹೊದಿಕೆ ಎಳೆದರು. ನನ್ನ ಕೈಯಿಂದ ಹಣ್ಣು ತೆಗೆದುಕೊಂಡು ಬ್ರೇಕಿನ ಹಿಡಿಯ ಒಳಗೆ ಇಟ್ಟು ಒತ್ತಿದರು. ಹಿಡಿ ಅರ್ಧಕ್ಕೆ ನಿಂತಿತು. ಇನ್ನೊಮ್ಮೆ, ಮುಷ್ಟಿ ಬಿಳುಪೇರುವಷ್ಟು ಒತ್ತಿದರು. ರಸ ಮೊಣಕೈವರೆಗೆ ಹರಿಯಿತು. ಹಿಡಿ ಮುಂದೆ ಹೋಗಲಿಲ್ಲ. ಅವರು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು.

"ನಾಕ್ ತಿಂಗಳಾತು," ಎಂದರು. "ದಿನಾ ಮುಂಜಾನೆದ್ದು ಮೊದಲ ಈ ಕೈ ನೋಡೀನಿ. ನಿಮಗ ಗೊತ್ತಿತ್ತು."

"ಗೊತ್ತಿತ್ತು."

ವೈನಿ ನನ್ನ ಕಡೆ ತಿರುಗಿದರು. "ನೀವು ಕಿಸೇದಾಗ ಹಾಕ್ಕೊಂಡದ್ದು ಮ್ಯಾಲಿನ ದಾರಿಯಿಂದ ನೋಡಿದ್ನಿ. ದೇವರ ಹಣ್ಣು, ಬಿದ್ದಲ್ಲೆ ಬಿಡಬಾರ್ದು ಅಂತ ತಗೊಂಡ್ರಿ ಅನ್ಕೊಂಡ್ನಿ."

ಆ ಮಾತು ನನಗೆ ಅವರ ಗಂಡನ ಮಾತಿಗಿಂತ ಹೆಚ್ಚು ತಾಗಿತು. ಊಟ ಮಾಡದೆ ಮನೆಗೆ ಬಂದೆ. ಹದಿನಾರು ದಿನ ಫೋನ್ ಬರಲಿಲ್ಲ. ನಾನು ಮೂರು ಸಲ ಮಾಡಿದೆ, ಎತ್ತಲಿಲ್ಲ. ಹದಿನೇಳನೆಯ ದಿನ ಅವರೇ ಮಾಡಿದರು.

"ಶನಿವಾರ ಏನ್ ಮಾಡಾಕತ್ತೀರಿ?"

"ಏನೂ ಇಲ್ಲ."

"ಆಸ್ಟಿನ್ ಕಡೆ ಗುಡ್ಡಕ್ಕ ಹೋಗೂಣು. ಗಾಡಿ ಮಾರಿಲ್ಲ. ನಿಂಬಿಹಣ್ಣು ನಾ ತರ್ತೀನಿ. ನೀವು ಕೈ ಹಚ್ಚಬ್ಯಾಡ್ರಿ."

ಈ ಜೂನ್‌ನಲ್ಲಿ ಮೂವರೂ ಅದೇ ಕಣಿವೆಗೆ ಮತ್ತೆ ಹೋದೆವು. ಬಾಡಿಗೆಯವನ ಒದ್ದೆ ಅಂಗಳದಲ್ಲಿ ಸಾವ್ಕಾರ್ರು ಎರಡು ಹಣ್ಣು ಇಟ್ಟು, ಎರಡನ್ನೂ ಜಜ್ಜಿ, ಅವನ ಬ್ರಷ್ ಇಸಿದುಕೊಂಡು ತಾವೇ ತೊಳೆದರು. ಅವನು ನಗುತ್ತ ನೀರಿನ ಪೈಪು ಹಿಡಿದ. ಹೋದ ವರ್ಷ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಾಲ್ಕನೇ ತಿರುವಿನಲ್ಲಿ ನಾನು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅವರು ಇಳಿದು ಬಂದರು, ಬ್ರೇಕ್ ಹಿಡಿದರು, ಮುಂದಿನ ಗಾಲಿ ತುಸು ತಗ್ಗಿತು, ಬೈಕು ತಿರುಗಿತು. ನನ್ನನ್ನು ದಾಟುವಾಗ ಬಲಗೈಯ ಎರಡು ಬೆರಳು ಎತ್ತಿ ತೋರಿಸಿದರು. ಬೆರಳು ನೆಟ್ಟಗಿದ್ದವು.

ಇದನ್ನು ಕಂಡವಳು ಹುಲ್ಲು ಬಾಚುತ್ತಿದ್ದ ಅದೇ ಅಜ್ಜಿ; ಬೈಕಿನ ಸದ್ದು ಕೇಳಿದ್ದೇ ಓಡಿಬಂದು ಗೇಟು ತೆರೆದು ಹಿಡಿದಿದ್ದಳು, ಅವರು ತಿರುಗಿ ಹೋದ ಮೇಲೆ ಮುಚ್ಚಿದಳು. ಇದನ್ನು ಕಂಡವರು ಮೇಲಿನ ಕಾಲುದಾರಿಯಲ್ಲಿ ಚಿಕ್ಕಿ ಹಿಡಿದು ನಿಂತಿದ್ದ ವೈನಿ. ಇಬ್ಬರೂ ಹೋದ ವರ್ಷದ್ದನ್ನೂ ಕಂಡವರು. ಇಬ್ಬರೂ ಇದ್ದಾರೆ, ಒಬ್ಬರು ಆ ಕಣಿವೆಯಲ್ಲಿ, ಒಬ್ಬರು ಸೈಪ್ರೆಸ್‌ನಲ್ಲಿ. ಸಾವ್ಕಾರ್ರೂ ಇದ್ದಾರೆ.