ಅತ್ತೆಗೆ ಹೇಳಿದ ಇಂಗ್ಲೆಂಡಿನ ರಾಣಿಯರು

ಕ್ಯಾಲಿಫೋರ್ನಿಯಾದ ಪೊಮೊನಾಕ್ಕೆ ಬಂದ ಮೊದಲ ವರ್ಷ ನಾನು ಒಂದು ಕಡೆ ಕೂತು ಊಟ ಮಾಡಿದ ನೆನಪೇ ಇಲ್ಲ. ತಟ್ಟೆ ಹಿಡಿದುಕೊಂಡು ಅಪಾರ್ಟ್‌ಮೆಂಟಿನ ತುಂಬ ಓಡಾಡುತ್ತಲೇ ತಿನ್ನುತ್ತಿದ್ದೆ. ಬೆಂಗಳೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವಳು ನಾನು. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದಿದ್ದರಿಂದ ಇಲ್ಲಿ ಕೆಲಸ ಮಾಡುವಂತಿರಲಿಲ್ಲ, ಓದಬಹುದಿತ್ತು. ಮಗಳು ಸ್ಕೂಲಿಗೆ ಸೇರಿದ ಮೇಲೆ, ೨೦೦೩ರಲ್ಲಿ, ಊರಿನಲ್ಲೇ ಇದ್ದ ಯೂನಿವರ್ಸಿಟಿಗೆ ಅಪ್ಲೈ ಮಾಡಿ ಇನ್ನೊಂದು ಎಂ.ಎ.ಗೆ ಸೇರಿಕೊಂಡೆ.

ಮಗಳ ಸ್ಕೂಲಿನ ಹೊತ್ತಿಗೆ ಹೊಂದುವ ಕ್ಲಾಸ್ ಒಂದೇ ಇತ್ತು, ಮಧ್ಯಯುಗದ ಇಂಗ್ಲೆಂಡಿನ ರಾಣಿಯರದು. ಇಂಗ್ಲೆಂಡಿನ ರಾಜರ ಮೇಲೆಯೇ ನನಗಿದ್ದ ಆಸಕ್ತಿ ಅಷ್ಟಕ್ಕಷ್ಟೆ, ಇನ್ನು ಅವರ ಹೆಂಡಂದಿರನ್ನು ಕಟ್ಟಿಕೊಂಡು ಏನು ಮಾಡಲಿ ಎಂದುಕೊಂಡೇ ಹೋದೆ. ಪ್ರೊಫೆಸರ್ ನರೆಗೂದಲಿನ ಎತ್ತರದ ಹೆಂಗಸು. ಮೊದಲ ದಿನವೇ ಅವರು ಹೇಳಿದ್ದು, ಈ ರಾಣಿಯರಲ್ಲಿ ಹೆಚ್ಚಿನವರು ಇಂಗ್ಲೆಂಡಿನವರೇ ಅಲ್ಲ ಎಂಬ ಸಂಗತಿ. ಸಮುದ್ರ ದಾಟಿ ಬಂದ ಹುಡುಗಿಯರು ಅವರು. ಭಾಷೆ ಬೇರೆ, ಊಟ ಬೇರೆ. ಸ್ಪೇನಿನ ಕಡೆಯಿಂದ ಬಂದ ಒಬ್ಬಳ ಕೋಣೆಗೆ ಅವಳ ಜನ ರತ್ನಗಂಬಳಿ ಹಾಸಿದ್ದನ್ನು ಕಂಡು ಲಂಡನ್ನಿನವರು ಮೂಗು ಮುರಿದರಂತೆ. ಆ ಸಾಲು ಕೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದೆ.

ಅಕ್ಟೋಬರಿನಲ್ಲಿ ಅತ್ತೆ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದರು. ಇಂಗ್ಲಿಷ್ ಬಾರದು, ಟಿವಿ ರುಚಿಸದು. ನಾನು ಕ್ಲಾಸಿನಿಂದ ಬಂದು ಅಡುಗೆಗೆ ನಿಂತರೆ ಸೊಪ್ಪು ಬಿಡಿಸುತ್ತ ಎದುರಿಗೆ ಕೂರುತ್ತಿದ್ದರು.

“ಇವತ್ತ ಏನ ಓದಿದ್ಯವಾ?”

ಗಂಡನ ವಿರುದ್ಧ ದಂಗೆಯೆದ್ದ ಮಕ್ಕಳ ಪರ ನಿಂತ ರಾಣಿಯೊಬ್ಬಳ ಕಥೆ ಹೇಳಿದೆ. ರಾಜ ಅವಳನ್ನು ವರ್ಷಾನುಗಟ್ಟಲೆ ಸೆರೆಯಲ್ಲಿಟ್ಟ. ಅವನು ಸತ್ತ ಮೇಲೆಯೇ ಅವಳಿಗೆ ಬಿಡುಗಡೆ. ಆಮೇಲೆ ಮಗ ದಂಡಯಾತ್ರೆಗೆ ಹೋದಾಗ ಆ ಮುದುಕಿಯೇ ರಾಜ್ಯವನ್ನು ಕಾಯ್ದಳು.

ಅತ್ತೆ ಸೊಪ್ಪು ಕೆಳಗಿಟ್ಟರು. “ಅಷ್ಟು ವರ್ಷ ಒಳಗ ಕುಂತು ತಲಿ ಕೆಡಲಿಲ್ಲೇನ ಅಕಿಗೆ?”

“ಕೆಟ್ಟ ಹಾಗಿಲ್ಲ, ಅತ್ತೆ.”

“ಗಟ್ಟಿ ಹೆಣಮಗಳು ಬಿಡು. ನಾಳಿಗೆ ಯಾರದು?”

ಹೀಗೆ ಶುರುವಾಯಿತು. ಅವರಿಗೆ ಹೇಳಬೇಕೆಂದೇ ನಾನು ಹೆಚ್ಚು ಓದತೊಡಗಿದೆ. ಮಗಳೂ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತ ಕೇಳಿಸಿಕೊಂಡು, “ಡಿಡ್ ಶಿ ಹ್ಯಾವ್ ಎ ಹಾರ್ಸ್?” ಎಂದು ಇಂಗ್ಲಿಷಿನಲ್ಲಿ ಬಾಯಿ ಹಾಕುತ್ತಿದ್ದಳು. ಅಜ್ಜಿ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಅವರಿಗೆ ತೀರಾ ಹಿಡಿಸಿದ್ದು ಮೊಣಕಾಲೂರಿದ ರಾಣಿಯ ಕಥೆ. ಅವಳ ಗಂಡ ಫ್ರಾನ್ಸಿನ ಕಡಲ ತೀರದ ಊರೊಂದಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದ. ಊರಿನವರು ಹಸಿವು ತಾಳಲಾರದೆ ಶರಣಾದಾಗ, ಆರು ಜನ ಹಿರಿಯರು ಕೊರಳಿಗೆ ಹಗ್ಗ ಬಿಗಿದುಕೊಂಡು ಬರಲಿ, ಅವರ ತಲೆ ತೆಗೆಸುತ್ತೇನೆ ಎಂದ. ಸರದಾರರು ಹೇಳಿದರೂ ಕೇಳಲಿಲ್ಲ. ಆಗ ತುಂಬು ಗರ್ಭಿಣಿ ರಾಣಿ ಎಲ್ಲರೆದುರು ಅವನ ಮುಂದೆ ಮೊಣಕಾಲೂರಿ ಬೇಡಿಕೊಂಡಳು. ಅವನು ಆ ಆರು ಜನರನ್ನೂ ಅವಳಿಗೇ ಒಪ್ಪಿಸಿಬಿಟ್ಟ. ಪ್ರೊಫೆಸರ್ ಇದಕ್ಕೆ ಒಂದು ಮಾತು ಸೇರಿಸಿದ್ದರು: ರಾಜನಿಗೂ ಕೊಲ್ಲುವ ಮನಸ್ಸು ಇದ್ದಿರಲಾರದು, ಆದರೆ ಆಡಿದ ಮಾತಿನಿಂದ ಹಿಂದೆ ಸರಿಯಲು ಒಂದು ನೆಪ ಬೇಕಿತ್ತು; ಅದನ್ನು ಒದಗಿಸುವುದೂ ರಾಣಿಯ ಕೆಲಸವಾಗಿತ್ತು. ಅತ್ತೆ ಇದನ್ನು ಎರಡು ಸಲ ಹೇಳಿಸಿಕೊಂಡರು.

ಡಿಸೆಂಬರಿನಲ್ಲಿ ಗಂಡನಿಗೆ, ಪೊಮೊನಾದಿಂದ ಎರಡು ಗಂಟೆ ದೂರದ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕಾರ್ಮೆಲ್ ವ್ಯಾಲಿಯಲ್ಲಿ ಬಾಡಿಗೆ ಮನೆಯನ್ನೂ ನೋಡಿ ಬಂದರು.

“ಒಳ್ಳೆ ಸ್ಕೂಲ್ ಇದೆ, ಆಫೀಸು ಹತ್ತಿರ. ನಿನ್ನ ಕ್ಲಾಸು ಸದ್ಯಕ್ಕೆ ಬಿಡು. ಅಲ್ಲೇ ಎಲ್ಲಾದ್ರೂ ಮುಂದಿನ ವರ್ಷ ಸೇರ್ಕೊಂಡ್ರಾಯ್ತು.”

ಬಿಡುವುದಿಲ್ಲ ಎನ್ನಬೇಕಿತ್ತು. ಬಾಯಿಗೆ ಬಂದದ್ದು, “ನೋಡೋಣ.” ಮರುದಿನದಿಂದ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಗಳಿಗೆ ತುಂಬುತ್ತಿದ್ದೆ, ಯಾವುದರಲ್ಲಿ ಏನಿಟ್ಟೆ ಎಂದು ಮರೆತು ಮತ್ತೆ ಬಿಚ್ಚುತ್ತಿದ್ದೆ. ಒಳಗೊಳಗೇ ಕುದಿಯುತ್ತಿದ್ದೆ. ಆ ಮನುಷ್ಯ ಕೆಟ್ಟವರಲ್ಲ. ನನ್ನ ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಎಂದು ಕಾದೆ. ಅವರು ನನ್ನ ಮುಖ ನೋಡಿ, ಪ್ಯಾಕಿಂಗ್‌ನಿಂದ ಸುಸ್ತಾಗಿದೆ ಎಂದುಕೊಂಡರು.

ಮನೆ ಬದಲಿಸುವ ಮೊದಲು ಒಂದು ಭಾನುವಾರ ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಡ್ರೈವ್ ಮಾಡಿಕೊಂಡು ಹೋದೆವು. ದರ್ಶನ ಮುಗಿಸಿ ಹೊರಗಿನ ಬೆಂಚಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಗಂಡನ ಹಳೆಯ ಆಫೀಸಿನ ಹಿರಿಯರೊಬ್ಬರು ಹೆಂಡತಿಯೊಂದಿಗೆ ಬಂದು ಜೊತೆಗೆ ಕೂತರು. ನನ್ನ ಗಂಡನಿಗೆ ಈ ದೇಶದಲ್ಲಿ ಅಣ್ಣನ ಸ್ಥಾನದಲ್ಲಿದ್ದವರು ಅವರು. ಹೊಸ ಕೆಲಸ, ಹೊಸ ಮನೆಯ ಮಾತಾಯಿತು. ಅತ್ತೆ ಕೈ ತೊಳೆದುಕೊಂಡು ಬಂದು ಮಗನ ಎದುರು ನಿಂತರು.

“ನಾ ನಿನಗ ಇಲ್ಲೀತನಕ ಏನೂ ಬೇಡಿಲ್ಲ. ಇವತ್ತೊಂದು ಬೇಡತೀನಿ, ಇಲ್ಲ ಅನಬ್ಯಾಡ.”

ಗಂಡ ಗಾಬರಿಯಿಂದ ಎದ್ದು ನಿಂತರು. “ಯಾಕವ್ವಾ, ಏನಾತು?”

“ಇಕಿ ಓದು ಬಿಡಿಸಬ್ಯಾಡ. ಎಷ್ಟ ದೂರ ಆಗ್ಲಿ, ಹೋಗಿ ಬರತಾಳ. ನಾ ಇರೂತನಕ ಮನೀ ನಾ ನೋಡಕೋತೀನಿ.” ಇಷ್ಟು ಹೇಳಿ ಮಗನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

ಆ ಹಿರಿಯರು ಮೆಲ್ಲಗೆ, “ಅಮ್ಮ ಹೇಳೋದು ಸರಿ ಇದೆಯಪ್ಪ,” ಎಂದರು. ಗಂಡನ ಮುಖ ಕೆಂಪಾಯಿತು. ನನ್ನ ಕಡೆ ನೋಡಿ, ಅವ್ವನ ಕಡೆ ನೋಡಿ, “ಆತವ್ವಾ. ಬಿಡಸಂಗಿಲ್ಲ,” ಎಂದರು. ಹಾಗೆನ್ನುವಾಗ ಅವರ ಹೆಗಲು ಸಡಿಲಾದದ್ದನ್ನು ನೋಡಿದೆ. ಅವರಿಗೂ ಬೇಕಿದ್ದದ್ದು ಇದೇ ಏನೋ.

ಸಂತೋಷವಾಯಿತು, ನಿಜ. ಆದರೆ ಮನೆಗೆ ಬರುವಷ್ಟರಲ್ಲಿ ಅದು ಸಿಟ್ಟಾಗಿ ತಿರುಗಿತ್ತು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ.

“ಎಲ್ಲರ ಮುಂದೆ ಯಾಕೆ ಅತ್ತೆ? ಮನೇಲೇ ಹೇಳಬಹುದಿತ್ತಲ್ಲ?”

“ಅಕಿ ಮೊಣಕಾಲೂರಿದ್ದು ದಂಡಿನ ಮುಂದ ಅಲ್ಲನ? ಅಡಗಿಮನ್ಯಾಗ ಊರಿದ್ರ ಏನ ಬರತಿತ್ತು?” ಅವರ ಕಣ್ಣಲ್ಲಿ ಈಗ ನೀರಿರಲಿಲ್ಲ.

ನನಗೆ ನಗು ಬಂತು, ಅದರ ಜೊತೆಗೇ ಅಳುವೂ. “ನನ್ನ ಪರವಾಗಿ ಇನ್ನೊಬ್ಬರು ಬೇಡೋದು ನನಗೆ ಇಷ್ಟ ಇಲ್ಲ.”

“ಇಷ್ಟ ಇಲ್ಲಂದ್ರ ಮುಂದಿನ ಸಲ ನೀನ ಬಾಯಿ ಬಿಟ್ಟು ಕೇಳು,” ಎಂದು ಅವರು ಹಾಲು ಕಾಯಿಸಲು ಇಟ್ಟರು.

ಜನವರಿಯಿಂದ ವಾರಕ್ಕೆರಡು ದಿನ ಕಾರ್ಮೆಲ್ ವ್ಯಾಲಿಯಿಂದ ಪೊಮೊನಾಕ್ಕೆ ಹೋಗಿ ಬರತೊಡಗಿದೆ. ಹದಿನೈದನೇ ನಂಬರಿನ ಫ್ರೀವೇ ಟ್ರಾಫಿಕ್‌ನಿಂದ ಎಲ್ಲಿ ಕಟ್ಟಿಕೊಳ್ಳುತ್ತದೋ ಹೇಳುವಂತಿರಲಿಲ್ಲ. ಮನೆಯಲ್ಲಿದ್ದಾಗ ತಲೆಯಲ್ಲಿ ಓದು, ಲೈಬ್ರರಿಯಲ್ಲಿದ್ದಾಗ ಮಗಳು, ಸ್ಟೀರಿಂಗ್ ಹಿಡಿದು ಕೂತಾಗ ಎರಡೂ. ಏಪ್ರಿಲ್‌ನಲ್ಲಿ ಅತ್ತೆ ಊರಿಗೆ ಹೊರಟ ಮೇಲೆ ಮಗಳನ್ನು ಸ್ಕೂಲಿನಿಂದ ಕರೆತರುತ್ತಿದ್ದವರು ಪಕ್ಕದ ಬೀದಿಯ ಮೈಸೂರಿನ ಮುಸ್ಲಿಂ ಆಂಟಿ. “ನಮ್ಮ ಹುಡುಗೀನೂ ಅಲ್ಲೇ ಓದೋದು, ಸಂಕೋಚ ಪಡಬೇಡಿ,” ಎಂದಿದ್ದರು.

ಅತ್ತೆ ಹೋದ ವಾರವೇ ಒಂದು ಸಂಜೆ ಗಂಡ ಲಾಂಡ್ರಿ ಮಡಚುತ್ತ ಕೇಳಿದರು, “ಅವತ್ತು ಅವ್ವನ ಕೈಲಿ ಯಾಕೆ ಹೇಳಿಸಿದೆ? ನೀನೇ ಕೇಳಬಹುದಿತ್ತಲ್ಲ.”

“ನಾನು ಹೇಳಿಸಲಿಲ್ಲ. ಅವರೇ ಕೇಳಿದ್ದು. ನಾನು ತಿಂಗಳಿಡೀ ಕೇಳ್ತಾನೇ ಇದ್ದೆ, ನಿಮಗೆ ಗೊತ್ತಾಗಲಿಲ್ಲ.”

“ಮಾತಾಡದೇ ಇರೋದನ್ನ ಕೇಳೋದು ಅಂತಾರಾ?”

ಅವರ ಕೈಯಿಂದ ಟವೆಲ್ ತೆಗೆದುಕೊಂಡೆ. “ಸರಿ, ಈಗ ಕೇಳ್ತೀನಿ. ಕೆಲಸ ಮಾಡೋ ಪರ್ಮಿಟ್ ಬಂದ ದಿನ ನಾನು ಕೆಲಸಕ್ಕೆ ಅಪ್ಲೈ ಮಾಡ್ತೀನಿ. ಎಲ್ಲಿ ಸಿಕ್ಕರೂ ಹೋಗ್ತೀನಿ. ಆಗ ಮನೆ ನೀವು ನೋಡ್ಕೋಬೇಕು.”

“ಕಷ್ಟ ಆಗತ್ತೆ.”

“ಗೊತ್ತು.”

ಅವರು ಇನ್ನೆರಡು ಶರ್ಟು ಮಡಚಿದರು. “ಆಯ್ತು,” ಎಂದರು. ಅಲ್ಲಿ ಬೇರೆ ಯಾರೂ ಇರಲಿಲ್ಲ, ನಾವಿಬ್ಬರೇ.

ಎಂ.ಎ. ಮುಗಿಯಿತು. ಪರ್ಮಿಟ್ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ೨೦೦೮ರಲ್ಲಿ ಸ್ಯಾನ್ ಡಿಯಾಗೋದ ಕಮ್ಯುನಿಟಿ ಕಾಲೇಜೊಂದರಲ್ಲಿ ಪಾರ್ಟ್ ಟೈಮ್ ಪಾಠ ಸಿಕ್ಕಿತು. ಮುಂದಿನ ಸೆಮೆಸ್ಟರಿಗೆ ಕರೆಯುತ್ತಾರೋ ಇಲ್ಲವೋ ಎಂಬ ದಿಗಿಲು ಕೆಲಸದ ಜೊತೆಗೇ ಬಂತು. ಮೊದಲ ಕ್ಲಾಸಿನ ಹಿಂದಿನ ದಿನ ಅತ್ತೆಗೆ ಫೋನ್ ಮಾಡಿದೆ.

“ಏನ ಕಲಸತಿ?”

“ಅಮೆರಿಕದ ಇತಿಹಾಸ.”

“ಅದರಾಗ ರಾಣ್ಯಾರ ಅದಾರೇನ?”

“ಇಲ್ಲ ಅತ್ತೆ. ಇಲ್ಲಿ ರಾಜರೇ ಇರಲಿಲ್ಲ.”

“ಹಂಗಾರ ಹೆಣಮಕ್ಳು ಏನರ ಬೇಕಾದ್ರ ಯಾರ್ನ ಕೇಳತಿದ್ರು?”

ನಾನು ತಯಾರಿಸಿಟ್ಟ ಪಾಠದಲ್ಲಿ ಯುದ್ಧವಿತ್ತು, ತೆರಿಗೆಯಿತ್ತು, ಸಂವಿಧಾನವಿತ್ತು. ಇದೊಂದು ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟು, ಮೊದಲ ಪುಟವನ್ನು ಹೊಡೆದುಹಾಕಿ ಪಾಠವನ್ನು ಹೊಸದಾಗಿ ಬರೆಯಲು ಕೂತೆ.