ಅವ್ವ ಉಣ್ಣದ ಡಬ್ಬಿಗಳು

ನನ್ನ ಗಂಡ ಹವಳಗಾ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಕಬ್ಬು ನುರಿಸುವ ಹಂಗಾಮು ಇರಲಿ ಇಲ್ಲದಿರಲಿ ಅಲ್ಲೇ ಒಂದು ರೂಮಿನಲ್ಲಿ ಉಳಿಯುತ್ತಾರೆ, ವಾರಕ್ಕೊಮ್ಮೆ ಜೇವರ್ಗಿಯ ಮನೆಗೆ ಬಂದು ಹೋಗುತ್ತಾರೆ. ನಾನು ಯಡ್ರಾಮಿ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್. ಮನೆಯಲ್ಲಿ ನನ್ನ ಜೊತೆಗಿರುವುದು ಅವ್ವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಗೊಬ್ಬೂರಿನಿಂದ ಕರೆತಂದೆ.

ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಅವ್ವನಿಗೆ ಮಧ್ಯಾಹ್ನದ್ದನ್ನು ಮುಚ್ಚಿಟ್ಟು ಬಸ್ ಹಿಡಿಯುವ ಹೊತ್ತಿಗೆ ನನಗೆ ಅರ್ಧ ದಿನ ದುಡಿದಷ್ಟು ಸುಸ್ತಾಗಿರುತ್ತಿತ್ತು. ಸಂಜೆ ಬಂದರೆ ಮತ್ತೆ ಅದೇ ಒಲೆ. ಒಂದು ಶನಿವಾರ ಸಂಜೆ ತವೆಯ ಮೇಲಿನ ರೊಟ್ಟಿ ಕರಕಲಾಗುವವರೆಗೂ ನಾನು ಅದನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದ ಗಂಡ ಬಂದು ಗ್ಯಾಸ್ ಆರಿಸಿದರು.

“ಹಿಂಗ ಮಾಡಿದ್ರ ನೀ ಬೀಳ್ತಿ. ರಜಾ ದಿನ ಒಮ್ಮೆ ಮಾಡಿ ಇಡು. ವಾರಪೂರ್ತಿ ಆಗ್ತದ. ನನಗೂ ಹೋಟೆಲ್ ಊಟ ತಪ್ಪತದ” ಎಂದರು.

ಬಸ್ ಸ್ಟ್ಯಾಂಡ್ ಹತ್ತಿರ ಐಸ್‌ಕ್ರೀಮ್ ಅಂಗಡಿಯೊಂದು ಮುಚ್ಚಿಹೋಗಿತ್ತು. ಮುಚ್ಚಳ ಮೇಲಕ್ಕೆ ತೆರೆಯುವ ಅದರ ಸಣ್ಣ ಫ್ರೀಜರನ್ನು ಗಂಡ ಕೊಂಡುತಂದರು. ಮುಚ್ಚಳದ ಮೇಲೆ ಅಂಟಿಸಿದ್ದ ಐಸ್‌ಕ್ರೀಮ್ ಚಿತ್ರಗಳನ್ನು ಕೆರೆದು ತೆಗೆಯುವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಅವು ಇಂದಿಗೂ ಹಾಗೇ ಇವೆ.

ಮೊದಲ ವಾರ ಮಾಡಿದ್ದೆಲ್ಲ ಕೆಟ್ಟಿತು. ಖಾರಬ್ಯಾಳಿ ಎನ್ನುವ ಖಾರದ ಬೇಳೆಸಾರನ್ನು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಬಿಸಿಬಿಸಿಯಾಗಿಯೇ ಇಟ್ಟಿದ್ದೆ. ಅಂಚಿನಲ್ಲಿ ಕಲ್ಲಿನಂಥ ಬರ್ಫ ಆಗಿತ್ತು, ನಡುವೆ ಮರುದಿನಕ್ಕೂ ಮೆತ್ತಗಿದ್ದು ಹುಳಿ ವಾಸನೆ ಹೊಡೆಯುತ್ತಿತ್ತು. ಅದರ ಬಿಸಿಗೆ ಪಕ್ಕದಲ್ಲಿದ್ದವೂ ಕರಗಿದ್ದವು. ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿದ್ದ ಸಾರು ಹೆಪ್ಪುಗಟ್ಟುವಾಗ ಹಿಗ್ಗಿ ಬಾಟಲಿ ಸೀಳಿತ್ತು. ಆಮೇಲೆ ನಿಧಾನಕ್ಕೆ ಕಲಿತೆ. ಮಾಡಿದ್ದನ್ನು ಅಗಲ ತಾಟಿಗೆ ಸುರಿದು ಫ್ಯಾನ್ ಕೆಳಗೆ ಬೇಗ ಆರಿಸುವುದು, ಒಂದು ಹೊತ್ತಿಗೆ ಆಗುವಷ್ಟನ್ನೇ ಸಣ್ಣ ಡಬ್ಬಿಗೆ ಹಾಕುವುದು, ಮೇಲೆ ಎರಡು ಬೆರಳು ಜಾಗ ಬಿಡುವುದು, ಹೊಸದನ್ನು ಕೆಳಗಿಟ್ಟು ಹಳೆಯದನ್ನು ಮೇಲೆ ತರುವುದು. ತೆಗೆದು ಕರಗಿಸಿದ್ದನ್ನು ತಿರುಗಿ ಒಳಗಿಡಬಾರದು ಎಂಬುದನ್ನು ಮಾತ್ರ ಗಂಡನಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ಇಷ್ಟಾದ ಮೇಲೆ ವಾರದ ದಿನಗಳು ಹಗುರವಾಗಬೇಕಿತ್ತು. ಆಗಲಿಲ್ಲ. ಅವ್ವ ಆ ಡಬ್ಬಿಗಳನ್ನು ಮುಟ್ಟಲಿಲ್ಲ.

“ಇದು ಎಂದ ಮಾಡಿದ್ದು ಬೇ?” ಎಂದು ಡಬ್ಬಿಯದನ್ನು ಬಡಿಸಿದ ಮೊದಲ ದಿನವೇ ತಾಟು ನೋಡಿ ಕೇಳಿದಳು.

“ಐತಾರ ಮಾಡಿದ್ದು.”

“ನನಗ ಬ್ಯಾಡ. ಒಂದು ಬಿಸಿ ರೊಟ್ಟಿ ಕೊಡು. ಉಳ್ಳಾಗಡ್ಡಿ ಇದ್ರೂ ನಡೀತದ.”

“ಕೆಟ್ಟಿಲ್ಲ ಬೇ ಯವ್ವಾ. ಬರ್ಫದಾಗ ಇಟ್ಟಿದ್ದು.”

“ಕೆಟ್ಟದ ಅಂತ ನಾ ಎಲ್ಲಿ ಅಂದೆ? ನನಗ ಬ್ಯಾಡ ಅಂದೆ.”

ದನಿ ಏರಿಸಿ ಮಾತಾಡುವವಳಲ್ಲ ಅವಳು. ಆದರೆ ತಾಟು ಹಾಗೇ ಸರಿಸಿ ಕೂತರೆ ನನಗೆ ಬೇರೆ ದಾರಿ ಇರಲಿಲ್ಲ. ರಜೆಯ ದಿನ ವಾರಕ್ಕಾಗುವಷ್ಟು ಅಡುಗೆ, ಉಳಿದ ದಿನ ಅವ್ವನಿಗೆ ಬೇರೆ ಅಡುಗೆ. ಇದ್ದ ಒಂದು ರಜೆಯೂ ಹೋಯಿತು. ವಯಸ್ಸಾದವರ ಹಟ ಎಂದುಕೊಂಡು ಸುಮ್ಮನಾದೆ. ಕೆಲವೊಮ್ಮೆ ಸುಮ್ಮನಿರಲೂ ಆಗುತ್ತಿರಲಿಲ್ಲ. ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದೆ.

ಆ ಬೇಸಿಗೆ ಪರೀಕ್ಷೆಯ ಪೇಪರ್ ತಿದ್ದಲು ದಿನಾ ಕಲಬುರಗಿಗೆ ಹೋಗಿಬರುತ್ತಿದ್ದೆ. ಒಂದು ಸಂಜೆ ಗಾಳಿ ಎದ್ದು ದಾರಿಯುದ್ದಕ್ಕೂ ಕಂಬಗಳು ವಾಲಿದವು, ಕರೆಂಟ್ ಹೋಯಿತು. “ಮುಚ್ಚಳ ಎತ್ತಬ್ಯಾಡ ಬೇ, ಥಂಡಿ ಒಳಗ ಉಳೀಲಿ” ಎಂದು ಅವ್ವನಿಗೆ ಹೇಳಿದೆ. ಅವಳು ಅದರ ಕಡೆ ಹೋಗುವವಳೇ ಅಲ್ಲ. ಮರುದಿನ ಸಂಜೆ ನಾನು ಮನೆಗೆ ಬಂದಾಗಲೂ ಕರೆಂಟ್ ಬಂದಿರಲಿಲ್ಲ. ಫ್ರೀಜರಿನ ಕೆಳಗೆ ನೀರು ನಿಂತಿತ್ತು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಮುಚ್ಚಳ ಎತ್ತಿದೆ.

ತಳದಲ್ಲಿದ್ದ ಕೆಲವು ಡಬ್ಬಿಗಳು ಇನ್ನೂ ಕಲ್ಲಿನಂತಿದ್ದವು. ಅವನ್ನು ಪಕ್ಕದ ಬೀದಿಯಲ್ಲಿ ಜನರೇಟರ್ ಇದ್ದ ಪರಿಚಯದವರ ಮನೆಗೆ ಒಯ್ದು ಇಟ್ಟುಬಂದೆ. ಮೇಲಿನವೆಲ್ಲ ಕರಗಿ ಬೆಚ್ಚಗಾಗಿದ್ದವು. ಮಟನ್ ಚೀಲವನ್ನು ಒತ್ತಿದರೆ ಬೆರಳು ಒಳಗಿಳಿಯಿತು. ಎಲ್ಲವನ್ನೂ ಬಕೆಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಹೊರಟೆ.

“ಎಲ್ಲಿಗೆ ಒಯ್ಯಾಕತ್ತಿ?” ಬಾಗಿಲಲ್ಲಿ ಕೂತಿದ್ದ ಅವ್ವ ಕೇಳಿದಳು.

“ಚೆಲ್ಲಾಕ.”

“ಮಟನ್ ಚೆಲ್ತಿ? ವಾಸನಿ ಬಂದಿಲ್ಲ. ಛಲೋ ಕುದಿಸಿದ್ರ ಆಗ್ತದ.”

“ವಾಸನಿ ಬರಲಿಲ್ಲಂದ್ರೂ ಕೆಟ್ಟಿರ್ತದ ಬೇ. ಹೊಟ್ಟಿ ಕೆಟ್ರ ನಿನ್ನ ಯಾರು ನೋಡ್ಕೋತಾರ? ನಾಳೆ ನಾ ಮತ್ತ ಕಲಬುರಗಿಗಿ ಹೋಗ್ಬೇಕು.”

“ಇಷ್ಟೊಂದು ಉಣ್ಣೋದು ಮಣ್ಣಿಗೆ ಹಾಕಬಾರದು ಯವ್ವಾ.”

“ನೀ ಅಂತೂ ಉಣ್ಣಂಗಿಲ್ಲ. ನಿನಗ್ಯಾಕ ಬೇಕು?” ಎಂದುಬಿಟ್ಟೆ.

ನಾನು ಬಕೆಟ್ ಕೆಳಗಿಟ್ಟು ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತೆ. ಅವ್ವ ಮಾತು ತೆಗೆದಳು.

“ನಾ ಸಣ್ಣಾಕಿ ಇದ್ದಾಗ ನಮ್ಮವ್ವ ಬಿದಿರಿನ ಪುಟ್ಟಿ ತಗೊಂಡು ಊರೊಳಗ ಹೋಗ್ತಿದ್ಲು. ನಾನೂ ಹಿಂದ ಹೋಗ್ತಿದ್ದೆ. ದೊಡ್ಡವರ ಮನೀ ಹಿತ್ತಲ ಬಾಗಲಾಗ ದೂರ ನಿಂದರಬೇಕು. ನಿನ್ನಿದು, ಮೊನ್ನಿದು, ಎಲ್ಲಾ ರೊಟ್ಟಿ ಕೂಡಿಸಿ ಮ್ಯಾಲಿಂದ ಪುಟ್ಟಿಯಾಗ ಬಿಡ್ತಿದ್ರು. ಬೂಸು ಹಿಡದದ್ದು ಮುರದು ಒಗದು ಉಳದದ್ದು ಉಣ್ಣೋದು. ಹೊಟ್ಟಿಗಿ ಬೇಕಾಗಿತ್ತು, ಉಂಡೆ. ನಿಮ್ಮಪ್ಪನ ಮನಿಗಿ ಬಂದ ಮ್ಯಾಲ ನಾನ ಬಡದ ಬಿಸಿ ರೊಟ್ಟಿ ತಿಂದೆ. ಅವತ್ತ ಮನಸಿನ್ಯಾಗ ಅಂದ್ಕೊಂಡೆ, ಇನ್ನ ತಂಗಳ ಮುಟ್ಟಂಗಿಲ್ಲ ಅಂತ. ಆದ್ರ ಚೆಲ್ಲೋದು ನೋಡಾಕೂ ನನಗ ಆಗಂಗಿಲ್ಲ.”

ಅವಳ ತವರು ಆಳಂದ ಕಡೆಯ ಒಂದು ಹಳ್ಳಿ. ಅಲ್ಲಿನ ಬಾವಿ, ಹೊಲ, ಅವಳ ಅಣ್ಣತಮ್ಮಂದಿರ ವಿಷಯ ಎಷ್ಟೋ ಸಲ ಕೇಳಿದ್ದೆ. ಆ ಪುಟ್ಟಿಯ ವಿಷಯ ಕೇಳಿದ್ದು ಅದೇ ಮೊದಲು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ, ಬಾಬಾಸಾಹೇಬರ ಫೋಟೊ ಇದೆ. ನಮ್ಮ ಕೇರಿಯವರು ಏನು ಪಾಡು ಪಟ್ಟರೆಂದು ನಾನು ಮಕ್ಕಳಿಗೆ ಪಾಠವನ್ನೂ ಮಾಡಿದ್ದೇನೆ. ಆದರೂ ನಮ್ಮ ಅಡುಗೆಮನೆಯಲ್ಲಿ ಅವ್ವ ತಾಟು ಸರಿಸಿದಾಗ ಅದೊಂದೂ ನನಗೆ ಹೊಳೆದಿರಲಿಲ್ಲ. ಅವಳ ಮೊಣಕಾಲ ಮೇಲೆ ಕೈ ಇಟ್ಟೆ.

ಆದರೂ ಕೆಟ್ಟದ್ದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹಾಕಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿದೆ. ಅವ್ವ ಒಳಗೆ ಹೋಗಿದ್ದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಹಿಟ್ಟು ನಾದಿ ಇಟ್ಟಿದ್ದಳು.

ಆಮೇಲೆ ಕೆಲವು ತಿಂಗಳು ಫ್ರೀಜರಿನಲ್ಲಿ ಗಂಡನ ಡಬ್ಬಿಗಳನ್ನು ಬಿಟ್ಟು ಹೆಚ್ಚೇನೂ ಇಡಲಿಲ್ಲ. ಚಳಿಗಾಲದಲ್ಲಿ ಗೊಬ್ಬೂರಿನಲ್ಲೇ ಉಳಿದ ನನ್ನ ತಮ್ಮ ಅಲ್ಲಿನ ಹೊಲದಿಂದ ಹಸಿ ತೊಗರಿಕಾಯಿಯ ಚೀಲ ಕಳಿಸಿದ. ಅವ್ವ ಬಿಸಿಲಲ್ಲಿ ಕೂತು ಕಾಳು ಬಿಡಿಸಿದಳು. ಇಷ್ಟು ಕಾಳು ಏನು ಮಾಡುವುದೆಂದು ಇಬ್ಬರೂ ಯೋಚಿಸಿದೆವು. ನಾನು ಕುದಿಯುವ ನೀರಿಗೆ ಕಾಳು ಹಾಕಿ, ತಕ್ಷಣ ತೆಗೆದು ತಣ್ಣೀರಿನಲ್ಲಿ ಅದ್ದತೊಡಗಿದೆ.

“ಈಗ ಬೇಯಿಸಿದಿ. ನಾಳಿಗಿ ಇದೂ ತಂಗಳ ಆಗಂಗಿಲ್ಲೇನು?” ಎಂದಳು.

“ಬೇಯಿಸಿಲ್ಲ ಬೇ. ಬಣ್ಣ ರುಚಿ ಉಳೀಲಿ ಅಂತ ಬರೇ ಮುಳುಗಿಸಿ ತೆಗದೀನಿ.”

ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಒಳಗೆ ಇನ್ನೂ ಗಟ್ಟಿ ಇತ್ತು. “ಹಂಗಾದ್ರ ನಡೀತದ” ಎಂದಳು.

ಕಾಳನ್ನು ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ತಾಟಿನಲ್ಲಿ ಬಿಡಿಬಿಡಿಯಾಗಿ ಹರಡಿ ಹೆಪ್ಪುಗಟ್ಟಿಸಿ, ಆಮೇಲೆ ಚೀಲಗಳಿಗೆ ತುಂಬಿ ಗಾಳಿ ಹಿಂಡಿ ಕಟ್ಟಿದೆ. ಹಾಗೆ ಮಾಡಿದರೆ ಒಂದಕ್ಕೊಂದು ಅಂಟದೆ, ಬೇಕಾದಷ್ಟೇ ಸುರಿದುಕೊಳ್ಳಲು ಬರುತ್ತದೆ. ಪುಂಡಿಪಲ್ಯದ ಹಸಿ ಸೊಪ್ಪನ್ನೂ ಹೀಗೇ ಇಟ್ಟೆವು. ಅವ್ವ ತನ್ನದೊಂದು ಗೆರೆ ಎಳೆದುಕೊಂಡಿದ್ದಳು: ಅಡುಗೆ ಆಗದಿದ್ದುದನ್ನು ಇಡಬಹುದು, ಅಡುಗೆಯಾದುದನ್ನು ಇಟ್ಟರೆ ತಾನು ಉಣ್ಣುವುದಿಲ್ಲ. ನಾನು ವಾದಿಸಲಿಲ್ಲ.

ಈಗ ಬೆಳಿಗ್ಗೆ ನಾನು ಬೇಕಾದುದನ್ನು ತೆಗೆದು ಅಡುಗೆಕಟ್ಟೆಯ ಪಕ್ಕದಲ್ಲಿರುವ ಸಣ್ಣ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಹೋಗುತ್ತೇನೆ. ಫ್ರೀಜರಿನ ಭಾರದ ಮುಚ್ಚಳ ಎತ್ತುವುದು ಅವಳಿಗೆ ಕಷ್ಟ. ಮೊಣಕಾಲು ನೋವು ಕಡಿಮೆ ಇದ್ದರೆ ಸಂಜೆಗೆ ಅವಳೇ ಸಾರು ಮಾಡಿರುತ್ತಾಳೆ. ನೋವಿದ್ದ ದಿನ ಒಲೆ ತಣ್ಣಗಿರುತ್ತದೆ, ಬಸ್ಸಿಳಿದು ಬಂದು ನಾನೇ ಹಚ್ಚುತ್ತೇನೆ. ಎರಡೂ ಬಗೆಯ ದಿನಗಳಿವೆ. ನನ್ನ ದಣಿವು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಗಂಡನ ಡಬ್ಬಿಗಳ ಕೆಲಸ ಹಾಗೇ ಇದೆ, ಬಸ್ಸಿನ ಕುಲುಕಾಟವೂ ಹಾಗೇ ಇದೆ.

ಮೊನ್ನೆ ಬಂದಾಗ ತೊಗರಿಕಾಳಿನ ಸಾರಿನ ಘಮ ಬಾಗಿಲವರೆಗೂ ಬಂದಿತ್ತು. ಬ್ಯಾಗ್ ಇಟ್ಟು ಗೋಡೆಗೊರಗಿ ಕೂತವಳಿಗೆ ಏಳಲಾಗಲಿಲ್ಲ. ಅವ್ವ ಗೋಡೆ ಹಿಡಿದುಕೊಂಡು ಬಂದು ತಾಟನ್ನು ನನ್ನ ಮುಂದಿಟ್ಟಳು.

“ಬಿಸಿ ಅದ. ಉಣ್ಣು, ಆಮ್ಯಾಲ ಮಕ್ಕೋ” ಎಂದಳು.